ಚೋಮನಿಗೆ ಗದ್ದೆ ಸಿಕ್ಕಿತೇ?

ಸಾಹಿತ್ಯದ ಪ್ರಯೋಜನವನ್ನು ಕುರಿತು ಸಭೆಗಳಲ್ಲಿ ಭಾಷಣ ಮಾಡುವವರು ಸಾಮಾನ್ಯವಾಗಿ ಒಂದು ಕಥೆಯನ್ನು ಹೇಳುತ್ತಾರೆ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ ಅಧ್ಯಕ್ಷ ಲಿಂಕನ್ನನು ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯನ್ನು ಬರೆದ ಹ್ಯಾರಿಯೆಟ್ ಬೀಚರ್ ಸ್ಟೋವ್ ಎಂಬಾಕೆಯನ್ನು ಕಂಡು, ಇಷ್ಟು ದೊಡ್ಡ ಯುದ್ಧವನ್ನು ಹೂಡಿಸಿದ ಪುಟ್ಟ ಹೆಂಗಸು ನೀವೇ ಏನು ಎಂದು ವಿಚಾರಿಸಿದನಂತೆ. ಕಥೆ ಸೊಗಸಾಗಿದೆ, ಚಪ್ಪಾಳೆಯೂ ಬೀಳುತ್ತದೆ. ಆದರೆ ಲಿಂಕನ್ನನು ಹಾಗೆಂದನೆಂಬುದಕ್ಕೆ ಆ ಕಾಲದ ಗಟ್ಟಿಯಾದ ದಾಖಲೆ ಇಲ್ಲ. ಪುಸ್ತಕ ಹೊರಬಂದದ್ದು 1852ರಲ್ಲಿ. ಗುಲಾಮಗಿರಿಯನ್ನು ಸಂವಿಧಾನದ ತಿದ್ದುಪಡಿಯ ಮೂಲಕ ತೊಡೆದುಹಾಕಿದ್ದು 1865ರಲ್ಲಿ. ಆ ಹದಿಮೂರು ವರ್ಷಗಳಲ್ಲಿ ಲಕ್ಷಾಂತರ ಜನ ಪುಸ್ತಕವನ್ನು ಓದಿ ಅತ್ತರೆಂಬುದು ನಿಜ. ಆರು ಲಕ್ಷಕ್ಕೂ ಮಿಕ್ಕಿದ ಸೈನಿಕರು ಸತ್ತರೆಂಬುದೂ ನಿಜ. ಕಣ್ಣೀರಿನ ಪಾಲೆಷ್ಟು, ರಕ್ತದ ಪಾಲೆಷ್ಟು ಎಂದು ತೂಗಿ ಹೇಳುವ ತಕ್ಕಡಿ ಯಾರ ಬಳಿಯಲ್ಲಿದೆ?

ಅಷ್ಟು ದೂರದ ಮಾತು ನನಗೆ ಬೇಡ. ಕಾನೂನು ಓದುತ್ತಿರುವ ಮೊಮ್ಮಗಳು ಈಚೆಗೆ ನನ್ನ ಕಪಾಟಿನಿಂದ ‘ಚೋಮನ ದುಡಿ’ಯನ್ನು ಎತ್ತಿಕೊಂಡು ಹೋಗಿ ಒಂದೇ ರಾತ್ರಿಯಲ್ಲಿ ಓದಿ ಮುಗಿಸಿ, ಮರುದಿನ ಕಾಫಿ ಕುಡಿಯುವಾಗ, “ಅಜ್ಜೀ, ಕೊನೆಗೆ ಚೋಮನಂಥವರಿಗೆ ಗದ್ದೆ ಸಿಕ್ತಾ?” ಎಂದು ಕೇಳಿದಳು. ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದವಳು ನಾನು. ಚೋಮನ ಪಾತ್ರಚಿತ್ರಣವನ್ನು ಕುರಿತು ಹತ್ತು ಅಂಕದ ಉತ್ತರಗಳನ್ನು ಸಾವಿರಗಟ್ಟಲೆ ತಿದ್ದಿದ್ದೇನೆ. ಈ ಪ್ರಶ್ನೆಯನ್ನು ಯಾವ ಪ್ರಶ್ನಪತ್ರಿಕೆಯೂ ಕೇಳಿರಲಿಲ್ಲ. ಅವಳಿಗೆ ಕೊಟ್ಟ ಉತ್ತರ ಎರಡು ಲೋಟ ಕಾಫಿಯ ಅವಧಿಯನ್ನು ಮೀರಿತು. ಅದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿಯ ಕಡೆಯ ಮನೆ. ಸುತ್ತ ಅಡಕೆ ತೋಟ, ಕೆಳಗೆ ಗದ್ದೆ, ಮೇಲೆ ಕಾಡು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡುತ್ತಿರಲಿಲ್ಲ. ಅಂಥ ದಿನಗಳ ರಾತ್ರಿಯಲ್ಲಿ ನಮ್ಮ ಅಪ್ಪಯ್ಯ ಗಮಕ ವಾಚನ ಮಾಡುತ್ತಿದ್ದರು. ಅವರಿಗೆ ಕಂಠ ಚೆನ್ನಾಗಿತ್ತು. ಕುಮಾರವ್ಯಾಸನೆಂದರೆ ಪ್ರಾಣ, ಅದರ ತರುವಾಯ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’. ಕೇಳುವವರೆಂದರೆ ಅಮ್ಮ, ನಾವು ಮಕ್ಕಳು, ಜಗಲಿಯ ಕಂಬಕ್ಕೆ ಒರಗಿ ಕೂತ ನೆರೆಮನೆಯ ಒಬ್ಬಿಬ್ಬರು, ಮತ್ತು ನಡುಮನೆಯ ಬಾಗಿಲ ಮರೆಯಲ್ಲಿ ಕೆಂಪು ಸೀರೆಯ ಸೆರಗನ್ನು ಬೋಳಿಸಿದ ತಲೆಯ ಮೇಲೆಳೆದುಕೊಂಡು ಕೂತ ಮಡಿಯಜ್ಜಿ. ಮಡಿಯಜ್ಜಿ ಎಂದರೆ ಅಪ್ಪಯ್ಯನಿಗೆ ಸೋದರತ್ತೆ. ಆಕೆಯ ವಿಚಾರವನ್ನು ಆಮೇಲೆ ಹೇಳುತ್ತೇನೆ. ಅಂಗಳದ ಆಚೆ ಸೌದೆಯ ಮಾಡಿನಲ್ಲಿ ಕೇರಿಯ ಆಳುಗಳೂ ಕೂತಿರುತ್ತಿದ್ದರು. ಅವರಿಗೆ ಅಪ್ಪಯ್ಯನ ಧ್ವನಿ ಕೇಳಿಸುತ್ತಿತ್ತು. ಮಳೆ ಜೋರಾದರೆ ಅದೂ ಇಲ್ಲ.

ಹರಿಶ್ಚಂದ್ರನ ಕಥೆಯೆಂದರೆ ಸತ್ಯಕ್ಕಾಗಿ ಹೆಂಡತಿ ಮಕ್ಕಳನ್ನು ಮಾರಿದ ರಾಜನ ಕಥೆಯೆಂದು ಎಲ್ಲರಿಗೂ ಗೊತ್ತು. ನಾಟಕ ಸಿನೆಮಾಗಳಲ್ಲಿ ನಾವು ನೋಡಿರುವುದು ಅದನ್ನೇ. ಆದರೆ ಹದಿಮೂರನೆಯ ಶತಮಾನದ ನಮ್ಮ ಕವಿ ಆ ಕಥೆಯ ನಡುವೆ ಒಂದು ಪ್ರಸಂಗವನ್ನು ಇಟ್ಟಿದ್ದಾನೆ. ವಿಶ್ವಾಮಿತ್ರನ ಕೋಪದಿಂದ ಹುಟ್ಟಿದ ಇಬ್ಬರು ಹೊಲತಿಯರು, ಗಾನದಲ್ಲಿ ನಿಪುಣೆಯರು, ಕಾಡಿನಲ್ಲಿ ಬೀಡುಬಿಟ್ಟಿದ್ದ ರಾಜನೆದುರಿಗೆ ಬಂದು ಹಾಡುತ್ತಾರೆ. ರಾಜ ತಲೆದೂಗುತ್ತಾನೆ, ಉಡುಗೊರೆ ಕೊಡಹೋಗುತ್ತಾನೆ. ಅವರು ಬೆಳ್ಗೊಡೆಯನ್ನು ಕೇಳುತ್ತಾರೆ. ವಂಶದಿಂದ ಬಂದದ್ದು, ಕೊಡಲಾರೆನೆನ್ನುತ್ತಾನೆ. ಹಾಗಾದರೆ ನಮ್ಮನ್ನು ಮದುವೆಯಾಗು ಎನ್ನುತ್ತಾರೆ. ಅಲ್ಲಿಗೆ ರಾಜನ ರಸಿಕತೆ ಮುಗಿದು ಕುಲ ಎಚ್ಚರಗೊಳ್ಳುತ್ತದೆ.

ಆ ಹುಡುಗಿಯರು ಅಳುವುದಿಲ್ಲ, ವಾದಿಸುತ್ತಾರೆ. ನಮ್ಮ ಹಾಡನ್ನು ನಿನ್ನ ಕಿವಿ ಉಂಡಿತು, ನಮ್ಮ ರೂಪವನ್ನು ನಿನ್ನ ಕಣ್ಣು ಉಂಡಿತು, ನಮ್ಮೊಡನೆ ನಿನ್ನ ಬಾಯಿ ಮಾತನಾಡಿತು, ನಮ್ಮ ಮೈಯ ಗಂಧವನ್ನು ಗಾಳಿ ನಿನ್ನ ಮೂಗಿಗೆ ತಂದಿತು. ಇವುಗಳಲ್ಲಿ ಯಾವುದಕ್ಕೂ ತಗುಲದ ಹೊಲೆ ಮುಟ್ಟುವುದೊಂದಕ್ಕೆ ಮಾತ್ರ ಹೇಗೆ ತಗುಲುತ್ತದೆ, ಐದು ಇಂದ್ರಿಯಗಳಲ್ಲಿ ಒಂದು ಮಾತ್ರ ಮೇಲಿನ ಕುಲದ್ದೇ, ಎಂಬ ಅರ್ಥದಲ್ಲಿ ಅವರ ವಾದ ಸಾಗುತ್ತದೆ. ನಾನು ಮಾತುಗಳನ್ನು ನನ್ನವಾಗಿ ಮಾಡಿಕೊಂಡು ಹೇಳುತ್ತಿದ್ದೇನೆ. ಕವಿಯ ಪದ್ಯಗಳ ಬಿರುಸು ಇದರಲ್ಲಿಲ್ಲ. ಆ ವಾದಕ್ಕೆ ರಾಜನಲ್ಲಿ ಸಮಾಧಾನವಿಲ್ಲ. ಸಮಾಧಾನವಿಲ್ಲದ ಒಡೆಯನು ಏನು ಮಾಡುತ್ತಾನೋ ಅದನ್ನೇ ಮಾಡುತ್ತಾನೆ: ಹೊಡೆಸಿ ಅಟ್ಟುತ್ತಾನೆ.

ನನಗೆ ಹತ್ತು ಹನ್ನೊಂದು ವರ್ಷವಿದ್ದಿರಬೇಕು. ಅಪ್ಪಯ್ಯ ಈ ಭಾಗವನ್ನು ಓದಿ ಅರ್ಥ ಹೇಳಿ ಮುಂದಿನ ಪದ್ಯಕ್ಕೆ ಹಾಳೆ ತಿರುವುತ್ತಿದ್ದರು. ಬಾಗಿಲ ಮರೆಯಿಂದ ಮಡಿಯಜ್ಜಿಯ ಸ್ವರ ಬಂತು. “ಮಾಣೀ, ಆ ಹುಡುಗಿಯರು ಕೇಳಿದ್ದು ಸರಿಯಾಗೇ ಇದೆಯಲ್ಲ. ಅವನು ಉತ್ತರ ಹೇಳಲಿಲ್ಲವಲ್ಲ.”

ಅಪ್ಪಯ್ಯ ನಕ್ಕರು. “ಅದು ವಿಶ್ವಾಮಿತ್ರರ ಮಾಯೆ, ಅತ್ತೆ. ಪರೀಕ್ಷೆಗೆ ಬಂದವರು ಅವರು.”

“ಪರೀಕ್ಷೆಗೆ ಬಂದವರಾದರೆ ಉತ್ತರ ಹೇಳಬೇಡವೇನೋ?”

ವಾಚನ ಮುಂದುವರಿಯಿತು. ಹೊಲತಿಯರನ್ನು ಮದುವೆಯಾಗು, ಇಲ್ಲವೇ ರಾಜ್ಯವನ್ನು ಕೊಡು ಎಂದು ಮುನಿ ಬಂದು ಕಾಡಿದಾಗ ರಾಜ ರಾಜ್ಯವನ್ನೇ ಕೊಟ್ಟುಬಿಡುತ್ತಾನೆ. ಕುಲವನ್ನುಳಿಸಿಕೊಳ್ಳುವುದಕ್ಕೆ ಸಿಂಹಾಸನವನ್ನು ಬಿಟ್ಟ ಅದೇ ಮನುಷ್ಯ ಕಾಶಿಯಲ್ಲಿ ಸಾಲ ತೀರಿಸುವುದಕ್ಕಾಗಿ ವೀರಬಾಹುಕನೆಂಬ ಹೊಲೆಯನಿಗೆ ತನ್ನನ್ನು ಮಾರಿಕೊಂಡು, ಅವನ ಆಳಾಗಿ ಸುಡುಗಾಡು ಕಾಯುತ್ತಾನೆ. ಕವಿ ಇದನ್ನು ಬೇಕೆಂದೇ ಹೀಗೆ ಹೆಣೆದನೋ, ಕಥೆಯ ಓಟದಲ್ಲಿ ಹೀಗಾಯಿತೋ ಎಂದು ಪಂಡಿತರು ವಾದಿಸಬಹುದು. ನನ್ನ ಮಟ್ಟಿಗೆ ಬೇಕೆಂದೇ ಮಾಡಿದ್ದು. ಅಷ್ಟು ಚೂಪಾದ ವಾದವನ್ನು ಆ ಹುಡುಗಿಯರ ಬಾಯಲ್ಲಿಟ್ಟವನಿಗೆ ಅದರ ಮುಂದಿನ ಲೆಕ್ಕ ಗೊತ್ತಿರಲಿಲ್ಲವೆಂದು ನಂಬುವುದು ಕಷ್ಟ. ಏಳುನೂರು ವರ್ಷ ನಮ್ಮ ಜನ ಅದನ್ನು ರಾಗವಾಗಿ ಓದಿದರು, ಕೇಳಿದರು, ತಲೆದೂಗಿದರು. ಸೌದೆಯ ಮಾಡಿನಲ್ಲಿ ಕೂತವರು ಅಲ್ಲಿಯೇ ಕೂತರು.

ಈಗ ಮಡಿಯಜ್ಜಿಯ ವಿಚಾರ. ಆಕೆಗೆ ಒಂಬತ್ತನೆಯ ವಯಸ್ಸಿಗೆ ಮದುವೆ, ಹನ್ನೊಂದಕ್ಕೆ ವೈಧವ್ಯ, ಮೈನೆರೆದ ಮೇಲೆ ತಲೆಗೂದಲು ಹೋಯಿತು. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿಯೇ ಬಾಲ್ಯವಿವಾಹವನ್ನು ತಡೆಯುವ ಒಂದು ಕಾಯಿದೆ ಬಂದಿತ್ತು. ಬ್ರಿಟಿಷ್ ಇಂಡಿಯಾಕ್ಕಿಂತ ನಾವು ಮುಂದು ಎಂದು ಹೆಮ್ಮೆಪಡುವ ಸಂಗತಿಗಳಲ್ಲಿ ಅದೂ ಒಂದು. ಶಾರದಾ ಕಾಯಿದೆ ಬಂದದ್ದು 1929ರಲ್ಲಿ. ಮೈಸೂರಿನ ಕಾಯಿದೆ ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು ನಿಷೇಧಿಸಿತ್ತು. ಮಡಿಯಜ್ಜಿಗೆ ಒಂಬತ್ತಾಗಿತ್ತಷ್ಟೆ. ಆದ್ದರಿಂದ ಎಲ್ಲವೂ ಕಾನೂನಿಗೆ ಅನುಸಾರವಾಗಿಯೇ ನಡೆಯಿತು. ಇನ್ನು ವಿಧವಾವಿವಾಹದ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ 1856ರಷ್ಟು ಹಿಂದೆಯೇ ಆಗಿತ್ತು. ಅದಾದ ನಲವತ್ತಮೂರು ವರ್ಷಗಳ ತರುವಾಯ, 1899ರಲ್ಲಿ, ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅಚ್ಚಾಯಿತು. ಬಾಲವಿಧವೆಯೊಬ್ಬಳು ಮನೆಬಿಟ್ಟು ಹೊರಟು, ವಿದ್ಯೆ ಕಲಿತು, ಮೆಚ್ಚಿದವನನ್ನು ಮದುವೆಯಾಗುವ ಕಥೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಅದನ್ನು ಪಠ್ಯಪುಸ್ತಕಗಳಲ್ಲಿ ಹೊಗಳುತ್ತೇವೆ. ಕಥನದಲ್ಲಿ ತೊಡಕುಗಳಿವೆ, ನೀತಿಬೋಧೆ ಹೆಚ್ಚು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಇಲ್ಲಿ ಕಾನೂನು ಮೊದಲು ಬಂತು, ಪುಸ್ತಕ ಆಮೇಲೆ ಬಂತು. ಬಾಗಿಲು ತೆರೆದಿದೆಯೆಂದು ಸರಕಾರ ಸಾರಿದ ನಲವತ್ತು ವರ್ಷಗಳ ಮೇಲೂ ಆ ಬಾಗಿಲಲ್ಲಿ ಒಬ್ಬ ಹುಡುಗಿ ನಡೆದುಹೋದರೆ ಹೇಗೆ ಕಾಣುತ್ತದೆಂದು ತೋರಿಸುವುದಕ್ಕೆ ಕಾದಂಬರಿಕಾರ ಬೇಕಾಯಿತು.

ಆ ಪುಸ್ತಕ ನಮ್ಮ ಮನೆಯವರೆಗೆ ಬರಲಿಲ್ಲ. ಬಂದಿದ್ದರೂ ಮಡಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ.

‘ಚೋಮನ ದುಡಿ’ ಮಾತ್ರ ಬಂತು. ಶಿವರಾಮ ಕಾರಂತರು ಅದನ್ನು ಪ್ರಕಟಿಸಿದ್ದು 1933ರಲ್ಲಿ. ಅಪ್ಪಯ್ಯ ತಮ್ಮ ಯೌವನದಲ್ಲಿ ಕೊಂಡ ಪ್ರತಿ. ಹಳೆಯ ಪತ್ರಿಕೆಯ ಹೊದಿಕೆ ಹಾಕಿ ದೇವರ ಮನೆಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮಳೆಗಾಲದಲ್ಲಿ ಅದನ್ನು ನಮಗೆಲ್ಲ ಗಟ್ಟಿಯಾಗಿ ಓದಿ ಹೇಳಿದರು. ಗಮಕದ ರಾಗವಿಲ್ಲದೆ, ಬರಿಯ ಮಾತಿನ ಧ್ವನಿಯಲ್ಲಿ ಅವರು ಓದಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕಥೆಯನ್ನು ಬಲ್ಲವರಿಗೆ ನಾನು ಅದನ್ನು ವಿವರಿಸಬೇಕಾಗಿಲ್ಲ. ಚೋಮ ಹೊಲೆಯರ ಜಾತಿಯವನು, ಧಣಿ ಸಂಕಪ್ಪಯ್ಯನ ಆಳು. ಹೇಗೋ ಸಾಕಿಕೊಂಡ ಎರಡು ಎತ್ತುಗಳಿವೆ. ತುಂಡು ಭೂಮಿಯನ್ನು ಸಾಗುವಳಿಗೆ ಪಡೆದು ಬೇಸಾಯಗಾರನೆನ್ನಿಸಿಕೊಳ್ಳಬೇಕೆಂಬುದೊಂದೇ ಅವನ ಆಸೆ. ಅವನ ಜಾತಿಯವರು ಬೇಸಾಯದ ಒಡೆತನ ಮಾಡಬಾರದೆಂಬುದು ಊರಿನ ಕಟ್ಟು. ಉಳಿದದ್ದೆಲ್ಲ ಆ ಕಟ್ಟಿನಿಂದಲೇ ಹರಿದುಬರುತ್ತದೆ: ಘಟ್ಟದ ಕಾಫಿ ತೋಟದ ಸಾಲ, ಸಾಲ ತೀರಿಸಲು ಹೋದ ಮಕ್ಕಳಲ್ಲಿ ಒಬ್ಬ ಜ್ವರದಲ್ಲಿ ಸಾಯುವುದು, ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಮದುವೆಯಾಗಿ ದೂರವಾಗುವುದು, ಮಗಳು ಬೆಳ್ಳಿಯ ಪಾಡು. ಚಿಕ್ಕ ಮಗ ನೀಲ ನೀರಿನಲ್ಲಿ ಮುಳುಗುತ್ತಿರುವಾಗ ದಡದಲ್ಲಿ ನಿಂತವರು ಜಾತಿಯ ಭಯದಿಂದ ಕೈಕೊಡದೆ ನಿಲ್ಲುವ ಭಾಗವನ್ನು ಓದುವಾಗ ಅಪ್ಪಯ್ಯನ ಗಂಟಲು ಕಟ್ಟಿತು. ಪುಸ್ತಕವನ್ನು ಮಗುಚಿಟ್ಟು ಅಂಗಳಕ್ಕೆ ಎದ್ದುಹೋದರು. ಕೊನೆಯಲ್ಲಿ ಚೋಮ ಎತ್ತುಗಳನ್ನು ಕಾಡಿಗೆ ಅಟ್ಟಿ, ಗುಡಿಸಲಿನ ಬಾಗಿಲು ಹಾಕಿಕೊಂಡು ದುಡಿ ಬಡಿಯುತ್ತ ಬಡಿಯುತ್ತ ಸಾಯುವ ಪುಟಗಳನ್ನಂತೂ ಅವರಿಗೆ ಓದಲಾಗಲಿಲ್ಲ. ಅಮ್ಮ ಓದಿ ಮುಗಿಸಿದಳು. ಅಪ್ಪಯ್ಯನ ಆ ಕಣ್ಣೀರು ಸಾಚಾ ಎಂಬುದರಲ್ಲಿ ನನಗೆ ಆಗಲೂ ಸಂದೇಹವಿರಲಿಲ್ಲ, ಈಗಲೂ ಇಲ್ಲ.

ಇದಾಗಿ ಹದಿಮೂರು ಹದಿನಾಲ್ಕು ವರ್ಷಗಳ ಮೇಲೆ ಭೂಸುಧಾರಣೆ ಬಂತು. ನಮ್ಮ ಜಿಲ್ಲೆಗೆ ಅದರ ಸದ್ದು ಹೊಸದಲ್ಲ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿಯೇ ಗೇಣಿಯ ಒಕ್ಕಲುಗಳು ಸತ್ಯಾಗ್ರಹ ಹೂಡಿದ್ದರು. ಗೇಣಿ ಭತ್ತವನ್ನು ಅಳೆಯುವ ಕೊಳಗದ ಗಾತ್ರದಿಂದ ಎದ್ದ ಜಗಳ ಅದು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಕಾಯಿದೆಯೊಂದು 1961ರಲ್ಲಿ ಆಯಿತು. ಅದಕ್ಕೆ ಹಲ್ಲು ಮೂಡಿದ್ದು ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯಿಂದ. ಆ ವರ್ಷದ ಮಾರ್ಚ್ 1ರಂದು ಗೇಣಿದಾರರ ಕೈಯಲ್ಲಿದ್ದ ಭೂಮಿಯೆಲ್ಲ ಸರಕಾರಕ್ಕೆ ಸೇರಿದಂತೆ. ಗೇಣಿದಾರನು ಏಳನೆಯ ನಮೂನೆಯ ಅರ್ಜಿ ಹಾಕಿಕೊಂಡರೆ, ವಿಚಾರಣೆ ನಡೆಸಿ ಅವನ ಹೆಸರಿಗೆ ಮಾಡಿಕೊಡುವುದು. ವಿಚಾರಣೆಗೆ ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಲಿಗಳನ್ನು ರಚಿಸಿದರು. ಆರಂಭದಲ್ಲಿ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಒಡೆಯನೂ ಒಕ್ಕಲೂ ಒಂದೇ ಬೆಂಚಿನ ಮುಂದೆ ನಿಂತು ತಮ್ಮ ತಮ್ಮ ಬಾಯಿಂದಲೇ ಹೇಳಬೇಕು. ನಮ್ಮ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಕ್ರಾಂತಿಯನ್ನು ನಾನು ಕಂಡಿಲ್ಲ.

ನಮ್ಮ ಮೂರು ಎಕರೆ ಚಿಲ್ಲರೆ ಗದ್ದೆಯನ್ನು ಎರಡು ತಲೆಮಾರಿನಿಂದ ಮಾಡಿಕೊಂಡು ಬಂದ ಒಕ್ಕಲೂ ಅರ್ಜಿ ಹಾಕಿದ. ಅಪ್ಪಯ್ಯ ತಕರಾರು ಸಲ್ಲಿಸಿದರು. ತಕರಾರಿನ ಸಾರಾಂಶ ಇಷ್ಟೆ: ಅರ್ಜಿದಾರನು ಗೇಣಿದಾರನಲ್ಲ, ಕೂಲಿಯ ಆಳು. ಪಹಣಿಯ ಸಾಗುವಳಿಯ ಕಲಮಿನಲ್ಲಿ ಅವನ ಹೆಸರಿರಲಿಲ್ಲ. ಹೆಸರು ಬರದಂತೆ ನೋಡಿಕೊಳ್ಳುವುದು ಆ ಕಾಲದ ಒಡೆಯರಿಗೆಲ್ಲ ಗೊತ್ತಿದ್ದ ವಿದ್ಯೆ. ಶಾನುಭೋಗರು ಜಗಲಿಯಲ್ಲಿ ಕೂತು ಕಾಫಿ ಕುಡಿದು ಬರೆಯುತ್ತಿದ್ದ ದಾಖಲೆ ಅದು.

ನಾನು ಆಗ ಕೆಲಸಕ್ಕೆ ಸೇರಿ ಬೆಂಗಳೂರಿನಲ್ಲಿದ್ದೆ. ರಜೆಗೆ ಊರಿಗೆ ಹೋದಾಗ ತಕರಾರಿನ ಕಾಗದ ಮೇಜಿನ ಮೇಲಿತ್ತು, ಅಪ್ಪಯ್ಯನ ಮುತ್ತಿನಂಥ ಅಕ್ಷರದಲ್ಲಿ. ಓದಿ, “ಅಪ್ಪಯ್ಯ, ಚೋಮನ ದುಡಿಯನ್ನು ಓದಲಾರದೆ ಎದ್ದುಹೋದವರು ನೀವು” ಎಂದೆ. ಅಷ್ಟು ಹೇಳುವುದಕ್ಕೆ ನನಗೆ ಎರಡು ದಿನ ಬೇಕಾಗಿತ್ತು.

ಅವರು ಕನ್ನಡಕ ತೆಗೆದು ಒರೆಸಿದರು. ಸಿಟ್ಟು ಮಾಡಲಿಲ್ಲ. “ಸಂಕಪ್ಪಯ್ಯನಿಗೂ ಕೊಡುವ ಮನಸ್ಸಿತ್ತು, ಮಗೂ. ಅವನ ತಾಯಿ ಅಡ್ಡ ಬಂದಳು. ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ” ಎಂದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಸಂಕಪ್ಪಯ್ಯನಿಗೆ ಒಮ್ಮೆ ಮನಸ್ಸು ಕರಗುವುದೂ, ಸಂಪ್ರದಾಯದ ಹೆಸರಿನಲ್ಲಿ ಮುದುಕಿ ತಾಯಿ ಅದನ್ನು ತಡೆಯುವುದೂ ಕಾದಂಬರಿಯಲ್ಲಿ ಇರುವುದೇ. ಆದರೆ ಆ ಪುಟವನ್ನು ನಾನು ಚೋಮನ ಕಡೆಯಿಂದ ಓದಿದ್ದೆ. ಇಡೀ ಪುಸ್ತಕವನ್ನು ಜಗಲಿಯ ಮೇಲಿನ ಕುರ್ಚಿಯಲ್ಲಿ ಕೂತು ಓದಬಹುದೆಂದೂ, ಹಾಗೆ ಓದಿಯೂ ನಿಜವಾಗಿ ಅಳಬಹುದೆಂದೂ ನನಗೆ ಹೊಳೆದಿರಲಿಲ್ಲ. ಅಪ್ಪಯ್ಯ ಅತ್ತದ್ದು ಚೋಮನಿಗಾಗಿ. ತಮ್ಮನ್ನು ಕಂಡುಕೊಂಡದ್ದು ಸಂಕಪ್ಪಯ್ಯನಲ್ಲಿ. ಕಾರಂತರು ಧಣಿಯನ್ನು ರಾಕ್ಷಸನನ್ನಾಗಿ ಚಿತ್ರಿಸಿದ್ದರೆ ಅಪ್ಪಯ್ಯನಂಥವರು ಇದು ಯಾರೋ ಬೇರೆಯವರೆಂದು ನಿರಾಳವಾಗಿ ಓದಿ ಮರೆತುಬಿಡುತ್ತಿದ್ದರು. ಚಿತ್ರಿಸಲಿಲ್ಲವಾದ್ದರಿಂದ ಆ ಗೂಡಿನಲ್ಲಿದ್ದ ಪುಸ್ತಕ ನಲವತ್ತು ವರ್ಷ ಅವರನ್ನು ಮುಳ್ಳಿನಂತೆ ಚುಚ್ಚಿತು. ಚುಚ್ಚಿದರೂ ತಕರಾರನ್ನು ಅವರು ಹಿಂತೆಗೆದುಕೊಳ್ಳಲಿಲ್ಲ, ಅದನ್ನೂ ಹೇಳಬೇಕು.

ಅದೇ ಹೊತ್ತಿಗೆ, 1975ರಲ್ಲಿ, ಬಿ. ವಿ. ಕಾರಂತರ ನಿರ್ದೇಶನದಲ್ಲಿ ‘ಚೋಮನ ದುಡಿ’ ಸಿನೆಮಾ ಆಯಿತು. ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. ಚೋಮನಾಗಿ ನಟಿಸಿದ ವಾಸುದೇವರಾಯರಿಗೂ ಶ್ರೇಷ್ಠ ನಟನೆಂಬ ಪ್ರಶಸ್ತಿ. ಅಮ್ಮನೂ ನಾನೂ ಹೋಗಿ ನೋಡಿದೆವು. ಅಪ್ಪಯ್ಯ ಬರಲಿಲ್ಲ. “ನಾನು ಓದಿದ್ದೇನಲ್ಲ” ಎಂದರು.

ಮಂಡಲಿಯ ಮುಂದೆ ನಮ್ಮ ಪ್ರಕರಣ ಬಂದಾಗ, ಸುಗ್ಗಿಯ ಮೇಲೆ ಎಷ್ಟು ಗೇಣಿ ಅಳೆಯುತ್ತಿದ್ದೆ ಎಂದು ಒಕ್ಕಲನ್ನು ಕೇಳಿದರು. ಅವನು ವರ್ಷ ವರ್ಷದ ಲೆಕ್ಕವನ್ನು ಬಾಯಲ್ಲೇ ಒಪ್ಪಿಸಿದ. ಬರ ಬಿದ್ದ ವರ್ಷ ಒಡೆಯರು ಎಷ್ಟು ಬಿಟ್ಟರು ಎಂಬುದನ್ನೂ ಮರೆಯದೆ ಹೇಳಿದ. ಆಮೇಲೆ ಅಪ್ಪಯ್ಯನ ಸರದಿ. ಇವನು ಹೇಳಿದ್ದು ಸುಳ್ಳೇ ಎಂದು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಲೆಕ್ಕ ಸರಿಯಾಗಿದೆ” ಎಂದರಂತೆ. ಬರೆದುಕೊಟ್ಟ ತಕರಾರಿಗೆ ಬಾಯಿಂದ ಬಂದ ಮಾತು ಎದುರು ನಿಂತಿತು. ಗದ್ದೆ ಒಕ್ಕಲಿನ ಹೆಸರಿಗೆ ಆಯಿತು. ಹರಿಶ್ಚಂದ್ರನ ಕಾವ್ಯವನ್ನು ವರ್ಷಗಟ್ಟಲೆ ಹಾಡಿದ ನಾಲಗೆ ಅಲ್ಲಿ ತಡವರಿಸಿತೆಂದು ನಾನು ಭಾವಿಸಿಕೊಂಡಿದ್ದೇನೆ. ಅಪ್ಪಯ್ಯ ಮಾತ್ರ ಅದರ ಕಾರಣವನ್ನು ಯಾರಿಗೂ ಹೇಳಲಿಲ್ಲ.

ಇಲ್ಲಿಗೆ ಬಂದಾಗ ಮೊಮ್ಮಗಳು, “ಹಾಗಾದ್ರೆ ಸಿಕ್ತಲ್ಲ!” ಎಂದಳು.

ಇಲ್ಲ. ಸಿಕ್ಕಿದ್ದು ಗೇಣಿದಾರನಿಗೆ. ಚೋಮ ಗೇಣಿದಾರನಲ್ಲ. ಅವನಿಗೆ ಯಾರೂ ಗೇಣಿಗೆ ಕೊಟ್ಟೇ ಇರಲಿಲ್ಲವೆಂಬುದೇ ಕಾದಂಬರಿಯ ದುಃಖ. ಉಳುವವನೇ ಒಡೆಯನೆಂಬ ಕಾಯಿದೆ, ಉಳುವುದಕ್ಕೇ ಬಿಡದವನಿಗೆ ಏನನ್ನು ಕೊಟ್ಟೀತು? ನಮ್ಮ ಸೌದೆಯ ಮಾಡಿನಲ್ಲಿ ಕೂತು ವಾಚನ ಕೇಳುತ್ತಿದ್ದವರಲ್ಲಿ ಒಬ್ಬರೂ ಏಳನೆಯ ನಮೂನೆಯನ್ನು ತುಂಬಲಿಲ್ಲ. ತುಂಬುವುದಕ್ಕೆ ಅವರ ಬಳಿ ಏನೂ ಇರಲಿಲ್ಲ. ಅಪ್ಪಯ್ಯ ತಕರಾರಿನಲ್ಲಿ ಒಕ್ಕಲನ್ನು ಕೂಲಿಯವನೆಂದು ಕರೆದದ್ದು ಸುಮ್ಮನಲ್ಲ. ಆ ಒಂದು ಪದದಿಂದ ಮನುಷ್ಯ ಕಾಯಿದೆಯ ಬೇಲಿಯ ಹೊರಗೆ ಬೀಳುತ್ತಿದ್ದ. ಒಡೆಯರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೃಷಿ ಕಾರ್ಮಿಕರಿಗೆ ಆ ಗುಡಿಸಲಿನಡಿಯ ನೆಲದ ಹಕ್ಕು ದೊರೆಯಿತು. ಮಿತಿಮೀರಿದ ಭೂಮಿಯನ್ನು ಹಂಚುವಾಗ ಪರಿಶಿಷ್ಟರಿಗೆ ಅರ್ಧವನ್ನು ಮೀಸಲಿಡಬೇಕೆಂದೂ ಇತ್ತು. ಆದರೆ ಮಿತಿಮೀರಿದ್ದೆಂದು ಸರಕಾರದ ಕೈಗೆ ಬಂದ ಭೂಮಿಯೇ ಸ್ವಲ್ಪ. ಹಿಂದೆ ಮಂಜೂರಾಗಿದ್ದ ಭೂಮಿಯೂ ಸಾಲಕ್ಕೆ, ಸಾರಾಯಿಗೆ ಪರರ ಪಾಲಾಗುತ್ತಿತ್ತೆಂದು ಅದನ್ನು ತಡೆಯಲು 1978ರಲ್ಲಿ ಬೇರೊಂದು ಕಾಯಿದೆಯನ್ನು ಮಾಡಬೇಕಾಯಿತು. ಜೀತ ಪದ್ಧತಿಯನ್ನು ರದ್ದುಪಡಿಸಿದ ಕಾಯಿದೆ 1976ರದು. ಅಂದರೆ ಚೋಮನ ಸಾಲವನ್ನು ಕಾನೂನು ಹರಿದುಹಾಕಿದ್ದು ಅವನು ಪುಸ್ತಕದಲ್ಲಿ ಸತ್ತು ನಲವತ್ತಮೂರು ವರ್ಷಗಳ ತರುವಾಯ.

ಇಲ್ಲಿ ನನಗೆ ಒಂದು ವಿಚಾರ ಹೊಳೆಯುತ್ತದೆ. ಪಹಣಿಯಲ್ಲಿ ಹೆಸರಿಲ್ಲದವನ ಹೆಸರನ್ನು 1933ರಲ್ಲಿಯೇ ಒಬ್ಬರು ಕಾಗದದ ಮೇಲೆ ಬರೆದಿಟ್ಟರು. ಸರಕಾರದ ಯಾವ ದಾಖಲೆಯೂ ಕೇಳದ ಪ್ರಶ್ನೆಯನ್ನು ಕೇಳಿದರು: ಇವನಿಗೆ ಏನು ಬೇಕು? ಉತ್ತರ ಅನ್ನವಲ್ಲ, ಬಟ್ಟೆಯಲ್ಲ, ಕನಿಕರವಲ್ಲ, ಬೇಸಾಯ. ಹಕ್ಕು ಎಂಬ ಪದ ಚೋಮನ ಬಾಯಲ್ಲಿಲ್ಲ. ಅವನು ಬೇಡುತ್ತಾನೆ. ಆದರೆ ಬೇಡುತ್ತಿರುವುದು ಭಿಕ್ಷೆಯನ್ನಲ್ಲವೆಂದು ಓದುವವನಿಗೆ ತಿಳಿದುಬಿಡುತ್ತದೆ. ನಮ್ಮ ಸೀಮೆಯದೇ ಆದ ಕುವೆಂಪುರವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದಾಗ ಜೀತದಾಳು ನಾಯಿಗುತ್ತಿಯ ಪ್ರೇಮ, ಸಾಹಸಗಳಿಗೆ ಹೆಗ್ಗಡೆಗಳ ಮನೆಯ ವಿದ್ಯಮಾನಗಳಷ್ಟೇ ಜಾಗ ಸಿಕ್ಕಿತು. ಅದನ್ನು ಓದಿ ನಮ್ಮ ಕಡೆಯ ಕೆಲವು ಹಿರಿಯರು ಹುಬ್ಬೇರಿಸಿದ್ದನ್ನು ನಾನು ಬಲ್ಲೆ.

ಆದರೆ ಇವೆಲ್ಲ ಜಗಲಿಯ ಮೇಲಿನವರು ಅಂಗಳದವರನ್ನು ಕುರಿತು ಬರೆದದ್ದು. ಅಂಗಳದವರೇ ಬರೆಯತೊಡಗಿದಾಗ ನೋಟ ಬದಲಾಯಿತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಅವರೇ ಮುಂದೆ ಬರೆದ ‘ಊರುಕೇರಿ’ ಎಂಬ ಆತ್ಮಕಥನದ ಆರಂಭದಲ್ಲಿ, ಹೊಲದಲ್ಲಿ ನೊಗಕ್ಕೆ ಹೆಗಲು ಕೊಟ್ಟು ನೇಗಿಲೆಳೆಯುತ್ತಿರುವ ಇಬ್ಬರು ಮನುಷ್ಯರನ್ನು ಹುಡುಗನೊಬ್ಬ ನೋಡುತ್ತಾನೆ. ಆ ಇಬ್ಬರಲ್ಲಿ ಒಬ್ಬ ಅವನ ಅಪ್ಪ. ಚೋಮನಿಗೆ ಎತ್ತುಗಳಿದ್ದವು, ಭೂಮಿಯಿರಲಿಲ್ಲ. ಇಲ್ಲಿ ಮನುಷ್ಯನೇ ಎತ್ತು. ಆ ಪುಸ್ತಕದಲ್ಲಿ ನಗಿಸುವ ಸಂಗ್ತಿಗಳೂ ತುಂಬ ಇವೆ. ಕನಿಕರಪಡಲು ಸಿದ್ಧರಾಗಿ ಕೂತ ನಮ್ಮಂಥವರಿಗೆ ಲೇಖಕರು ಆ ಅವಕಾಶವನ್ನೇ ಕೊಡುವುದಿಲ್ಲ.

ಮಡಿಯಜ್ಜಿಯ ಪುಸ್ತಕವೂ ಕೊನೆಗೆ ಬಂತು, ಆಕೆ ಹೋದ ಹಲವು ವರ್ಷಗಳ ಮೇಲೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರದು. ಇಂದಿರಾ ಅವರೂ ತೀರ್ಥಹಳ್ಳಿಯ ಕಡೆಯವರೇ. ಬಾಲ್ಯದಲ್ಲಿಯೇ ವಿಧವೆಯಾಗಿ ನೂರು ವರ್ಷಕ್ಕೂ ಮಿಕ್ಕಿ ಬದುಕಿದ ತಮ್ಮ ಬಂಧುವೊಬ್ಬರು ತಮ್ಮ ತಾಯಿಗೆ ಹೇಳಿದ್ದನ್ನು, ತಾಯಿಯಿಂದ ತಾವು ಕೇಳಿ ಬರೆದದ್ದು. ಹೆಂಗಸರ ಕಿವಿಯಿಂದ ಕಿವಿಗೆ ಬಂದು, ಮೂರನೆಯವಳ ಕೈಗೆ ಲೇಖನಿ ಸಿಕ್ಕಿದ್ದರಿಂದ ಉಳಿದ ಕಥೆ ಅದು. ಮುದುಕಿಯಾದ ಫಣಿಯಮ್ಮ, ಕೂದಲು ತೆಗೆಸಲಾರೆನೆಂದು ಹಟಹಿಡಿದ ದಾಕ್ಷಾಯಿಣಿ ಎಂಬ ತರುಣಿಯ ಪಕ್ಷ ವಹಿಸುವ ಭಾಗ ಬಂದಾಗ ನಮ್ಮಮ್ಮ ಪುಸ್ತಕವನ್ನು ಎದೆಗೊತ್ತಿಕೊಂಡು ಕೂತಿದ್ದಳು. “ಇದನ್ನು ಅವರಿಗೆ ಓದಿ ಹೇಳಬೇಕಾಗಿತ್ತು ಕಣೆ” ಎಂದಳು.

ವಿಶ್ವಸಂಸ್ಥೆಯಲ್ಲಿ ಮಾನವ ಹಕ್ಕುಗಳ ಘೋಷಣೆಯನ್ನು ಸಿದ್ಧಗೊಳಿಸುತ್ತಿದ್ದಾಗ ಮೊದಲ ವಿಧಿಯ ಕರಡಿನಲ್ಲಿ ‘ಎಲ್ಲ ಪುರುಷರು’ ಎಂಬರ್ಥದ ಇಂಗ್ಲಿಷ್ ಮಾತಿತ್ತು. ಭಾರತದ ಪ್ರತಿನಿಧಿ ಹಂಸಾ ಮೆಹತಾ ಹಟಹಿಡಿದು ಅದನ್ನು ‘ಎಲ್ಲ ಮನುಷ್ಯಜೀವಿಗಳು’ ಎಂದು ಮಾಡಿಸಿದರು. ಘೋಷಣೆ ಅಂಗೀಕಾರವಾದದ್ದು 1948ರ ಡಿಸೆಂಬರ್ 10ರಂದು. ಅದಕ್ಕೆ ಹನ್ನೊಂದು ದಿನ ಮುಂಚೆ, ನವೆಂಬರ್ 29ರಂದು, ದೆಹಲಿಯಲ್ಲಿ ಸಂವಿಧಾನ ಸಭೆ ಅಸ್ಪೃಶ್ಯತೆಯನ್ನು ರದ್ದುಪಡಿಸುವ ವಿಧಿಯನ್ನು ಒಪ್ಪಿತ್ತು. ಆ ಎರಡೂ ದಿನ ಮಡಿಯಜ್ಜಿ ನಮ್ಮ ಮನೆಯ ಹಿಂದಿನ ಬಾವಿಯಲ್ಲಿ ನೀರು ಸೇದಿ, ಒದ್ದೆ ಸೀರೆಯಲ್ಲಿಯೇ ಅಡುಗೆ ಮಾಡಿರಬೇಕು.

ಗದ್ದೆ ಹೋದ ಮೇಲೆ ಅಪ್ಪಯ್ಯ ಇನ್ನೂ ಹನ್ನೆರಡು ವರ್ಷ ಬದುಕಿದ್ದರು. 1980ರ ಸುಮಾರಿಗೆ ನಾನು ಊರಿನಲ್ಲಿದ್ದಾಗ ಕೇರಿಯ ಹುಡುಗನೊಬ್ಬ ಅಂಗಳಕ್ಕೆ ಬಂದ. ಕೇರಿಯಿಂದ ಕಾಲೇಜಿಗೆ ಹೋದವನು ಅವನೇ ಮೊದಲು. ‘ಚೋಮನ ದುಡಿ’ ಪರೀಕ್ಷೆಗಿದೆ, ಅಂಗಡಿಯಲ್ಲಿ ಸಿಗುತ್ತಿಲ್ಲ, ಒಡೆಯರ ಮನೆಯಲ್ಲಿದೆಯಂತೆ ಎಂದ. ಅಪ್ಪಯ್ಯ ಒಳಗೆ ಹೋಗಿ ಗೂಡಿನಿಂದ ಪುಸ್ತಕವನ್ನು ತಂದು, ಹೊದಿಕೆಯ ಧೂಳು ಕೊಡವಿ, ಜಗಲಿಯ ಅಂಚಿನಲ್ಲಿಟ್ಟರು. ಹುಡುಗ ಅದನ್ನು ಅಲ್ಲಿಂದ ಎತ್ತಿಕೊಂಡ. ಅಸ್ಪೃಶ್ಯತೆಯ ಆಚರಣೆಯನ್ನು ಅಪರಾಧವೆಂದು ಸಾರಿದ ಕಾಯಿದೆ ಬಂದು ಆಗ ಇಪ್ಪತ್ತೈದು ವರ್ಷಗಳಾಗಿದ್ದವು.

ತಿಂಗಳ ಮೇಲೆ ಅವನು ಬಂದು, ಅದೇ ಅಂಚಿನಲ್ಲಿಟ್ಟು, “ಉಪಕಾರ ಆಯ್ತು” ಎಂದು ಹೇಳಿ ಹೋದನೆಂದು ಅಮ್ಮ ಬರೆದಿದ್ದಳು. ಅಪ್ಪಯ್ಯ ತೀರಿಕೊಂಡ ಮೇಲೆ ಆ ಪ್ರತಿ ನನ್ನ ಪಾಲಿಗೆ ಬಂತು. ಮೊಮ್ಮಗಳು ಓದಿದ್ದು ಅದನ್ನೇ. ಸಂಕಪ್ಪಯ್ಯನ ತಾಯಿ ಅಡ್ಡ ಬರುವ ಪುಟದ ಪಕ್ಕದಲ್ಲಿ ಅಪ್ಪಯ್ಯನ ಶಾಯಿಯ ಒಂದು ಉದ್ದನೆಯ ಗೀಟು ಇದೆ. ಕೊನೆಯ ಪುಟದಲ್ಲಿ, ಚೋಮ ಸತ್ತ ಸಾಲಿನ ಕೆಳಗೆ, ಪೆನ್ಸಿಲಿನಲ್ಲಿ ಬೇರೊಂದು ಕೈಯ ಅಕ್ಷರ: “ಯಾಕೆ?” ಪುಸ್ತಕಗಳ ಮೇಲೆ ಒಂದು ಚುಕ್ಕೆ ಬಿದ್ದರೂ ಸಹಿಸದಿದ್ದ ಅಪ್ಪಯ್ಯ ಅದನ್ನು ಅಳಿಸಿರಲಿಲ್ಲ.